ಹಡಗು ಹತ್ತುವ ಮುನ್ನ ಮಾತ್ರೆ ಡಬ್ಬಿ ನೋಡ್ಕೊಳ್ಳಿ ಸ್ವಾಮಿ!

ಹಿರೇಹಳ್ಳಿ: ತುಮಕೂರು ಪಕ್ಕದ ಈ ಊರಿಗೂ ಸಮುದ್ರಕ್ಕೂ ಏನೇನೂ ಸಂಬಂಧವಿಲ್ಲ. ಮಂಗಳೂರು ಇಲ್ಲಿಂದ ಮುನ್ನೂರು ಕಿಲೋಮೀಟರ್ ಆಸುಪಾಸು. ಊರಿನ ಮಗ್ಗುಲಲ್ಲೇ ಹೆದ್ದಾರಿ, ಅದರ ಜೊತೆಗೆ ರೈಲು ಹಳಿ, ಒಂದು ಕಡೆ ಕಾರ್ಖಾನೆ ಶೆಡ್ಡುಗಳು, ಇನ್ನೊಂದು ಕಡೆ ತೋಟಗಾರಿಕೆ ಪ್ರಯೋಗ ಕೇಂದ್ರದ ಹಲಸಿನ ಮರಗಳು. ನೀರು ಅಂದರೆ ಇಲ್ಲಿನವರಿಗೆ ಬೋರ್‌ವೆಲ್ ನೀರು. ಅಲೆ ಅಂದರೆ ಸಂಜೆ ಪಾಳಿ ಬಿಟ್ಟಾಗ ಬಸ್ ಸ್ಟಾಪಿಗೆ ನುಗ್ಗುವ ಜನರ ಅಲೆ, ಅಷ್ಟೇ.

ಇಂಥ ಊರಿನಲ್ಲಿ ಈಗ ಹಡಗಿನ ಮಾತು ಶುರುವಾಗಿದೆ. ಕಾಶಿ, ರಾಮೇಶ್ವರ ಮುಗಿಸಿದವರು, ಮಕ್ಕಳ ಸಂಬಳದಲ್ಲಿ ಒಮ್ಮೆ ವಿಮಾನ ಹತ್ತಿ ಇಳಿದವರು ಈಗ "ಕ್ರೂಸ್" ಎನ್ನುತ್ತಿದ್ದಾರೆ. ಸಿಂಗಪುರದಲ್ಲಿ ಹತ್ತಿ ಅಲ್ಲೇ ಇಳಿಯುವ ನಾಲ್ಕು ರಾತ್ರಿಯ ಹಡಗು, ದುಬೈ ಹಡಗು, ಅದೂ ಬೇಡವೆಂದರೆ 2021ರ ಸೆಪ್ಟೆಂಬರಿನಲ್ಲಿ ಮುಂಬೈಯಿಂದ ಶುರುವಾದ ಗೋವಾ, ಲಕ್ಷದ್ವೀಪದ ಹಡಗು. ತುಮಕೂರಿನ ಟ್ರಾವೆಲ್ಸ್‌ನವರ ಬೋರ್ಡಿನಲ್ಲಿ ತಿರುಪತಿ ಪ್ಯಾಕೇಜಿನ ಕೆಳಗೆ ಬಿಳಿ ಹಡಗಿನ ಚಿತ್ರ ಬಂದು ಕೂತಿದೆ. ಈಜುಕೊಳ, ಸಿನಿಮಾ, ಹೊತ್ತು ಹೊತ್ತಿಗೆ ಊಟ ಎಲ್ಲಾ ಆ ಬೋರ್ಡಿನಲ್ಲಿದೆ. ಇಲ್ಲದಿರುವುದು ಒಂದೇ. ಮಧ್ಯ ಸಮುದ್ರದಲ್ಲಿ ಎದೆ ಹಿಡಿದುಕೊಂಡರೆ ಏನು ಗತಿ ಎಂಬುದು.

ಹೆದ್ದಾರಿ ಬದಿಯ ಒಂದು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಈಚೆಗೆ ಈ ಪ್ರಶ್ನೆಯೇ ದೊಡ್ಡ ಚರ್ಚೆಯಾಗಿ, ಮನೆಯೊಳಕ್ಕೂ ಹೋಗಿ, ತಂದೆ ಮಗ ಎರಡು ದಿನ ಮಾತು ಬಿಡುವ ತನಕ ಬಂತು.

ಅಂಗಡಿ ಯಜಮಾನರಿಗೆ 66 ವರ್ಷ. ಸಕ್ಕರೆ ಕಾಯಿಲೆ ಬಂದು ಹತ್ತು ವರ್ಷವಾಯಿತು. ಎರಡು ವರ್ಷದ ಹಿಂದೆ ಬೆಂಗಳೂರಿನಲ್ಲಿ ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರು. ಮದುವೆಯಾಗಿ 40 ವರ್ಷ ತುಂಬುತ್ತದೆಂದು ಬೆಂಗಳೂರಿನ ಕಂಪೆನಿಯಲ್ಲಿರುವ ಮಗ ಅಪ್ಪ ಅಮ್ಮನಿಗೆ ಸಿಂಗಪುರದ ಹಡಗಿನ ಟಿಕೆಟ್ ಮಾಡಿಸಿಬಿಟ್ಟ. ಹೇಳದೆ ಮಾಡಿಸಿ, ಮೊಬೈಲಿನಲ್ಲಿ ತೋರಿಸಿದ. ಯಜಮಾನರು ಮೂರು ದಿನ ಗಿರಾಕಿಗಳಿಗೆಲ್ಲಾ ತೋರಿಸಿದ್ದೇ ತೋರಿಸಿದ್ದು. ಬೇಳೆ ತೂಗುವುದು ಮರೆತರೂ ಹಡಗಿನ ಫೋಟೋ ತೋರಿಸುವುದು ಮರೆಯಲಿಲ್ಲ.

"ಅದ್ರೊಳಗೆ ಆಸ್ಪತ್ರೆನೂ ಐತಂತೆ ಕಣಪ್ಪಾ. ನಮ್ಮೂರಲ್ಲಿ ಇಲ್ದಿರೋದು ಅಲ್ಲೈತೆ" ಎಂದು ಯಜಮಾನರು ಹೇಳುತ್ತಿದ್ದರು. ಮಾತು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಆಸ್ಪತ್ರೆ ಅಂದ್ರೆ ಯಾವ ಆಸ್ಪತ್ರೆ?

ದೊಡ್ಡ ಪ್ರವಾಸಿ ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ. ನರ್ಸ್‌ಗಳೂ ಇರುತ್ತಾರೆ. ಇದು ಹಡಗು ಕಂಪೆನಿಯವರ ಔದಾರ್ಯವಲ್ಲ, ಕಾನೂನು. ನೂರು ಅಥವಾ ಅದಕ್ಕಿಂತ ಹೆಚ್ಚು ಜನರನ್ನು ಹೊತ್ತು, ಮೂರು ದಿನಕ್ಕಿಂತ ಹೆಚ್ಚು ಕಾಲ ದೇಶದಿಂದ ದೇಶಕ್ಕೆ ಹೋಗುವ ಹಡಗಿನಲ್ಲಿ ಅರ್ಹ ವೈದ್ಯರು ಇರಲೇಬೇಕೆಂದು 2006ರ ಕಡಲ ಕಾರ್ಮಿಕರ ಒಡಂಬಡಿಕೆ ಹೇಳುತ್ತದೆ. ಭಾರತವೂ 2015ರಲ್ಲಿ ಅದಕ್ಕೆ ಸಹಿ ಸೇರಿಸಿದೆ. ಅಮೆರಿಕದ ತುರ್ತು ಚಿಕಿತ್ಸಾ ವೈದ್ಯರ ಸಂಘದವರು ಪ್ರವಾಸಿ ಹಡಗುಗಳಿಗೆಂದೇ ಒಂದು ಪಟ್ಟಿ ಮಾಡಿಕೊಟ್ಟಿದ್ದಾರೆ. ಅದನ್ನು ಒಪ್ಪಿದ ಹಡಗಿನಲ್ಲಿ ಪ್ರಯಾಣಿಕರು, ಸಿಬ್ಬಂದಿ ಸೇರಿ ಸಾವಿರ ಜನಕ್ಕೆ ಕನಿಷ್ಠ ಒಂದು ಹಾಸಿಗೆ, ಹಡಗಿಗೊಂದು ತೀವ್ರ ನಿಗಾ ಹಾಸಿಗೆ, ಇಸಿಜಿ ಯಂತ್ರ, ನಿಂತ ಹೃದಯಕ್ಕೆ ವಿದ್ಯುತ್ ಕೊಡುವ ಯಂತ್ರ, ಹೆಪ್ಪುಗಟ್ಟಿದ ರಕ್ತ ಕರಗಿಸುವ ಔಷಧಿ ಇರಬೇಕು.

ಸಾವಿರ ಜನಕ್ಕೆ ಒಂದು ಹಾಸಿಗೆ! ಲೆಕ್ಕ ಹಾಕಿ ನೋಡಿ. ಮೂರು ಸಾವಿರ ಜನರ ಹಡಗಿಗೆ ಮೂರು ಹಾಸಿಗೆ ಇದ್ದರೂ ನಿಯಮ ಪಾಲಿಸಿದಂತೆಯೇ.

ಇಲ್ಲಿ ಆಗುವುದು ಏನು? ಜ್ವರ, ಕೆಮ್ಮು, ವಾಂತಿಭೇದಿ, ಕಾಲು ಉಳುಕಿದ್ದು, ತಲೆ ಒಡೆದುಕೊಂಡದ್ದಕ್ಕೆ ಹೊಲಿಗೆ. ಹಡಗಿನ ಡಾಕ್ಟರ ಬಳಿ ಬರುವ ರೋಗಿಗಳಲ್ಲಿ ಕೆಮ್ಮು ನೆಗಡಿಯವರೇ ಜಾಸ್ತಿ ಎಂದು ಈ ವಿಷಯ ಬಲ್ಲವರು ಹೇಳುತ್ತಾರೆ. ಎದೆನೋವು ಬಂದರೆ ಇಸಿಜಿ ತೆಗೆದು, ಔಷಧಿ ಕೊಟ್ಟು, ದಡ ಮುಟ್ಟುವ ತನಕ ಜೀವ ಹಿಡಿದಿಡಲು ನೋಡುತ್ತಾರೆ. ಆಗದ್ದು ಏನು? ಸ್ಟೆಂಟ್ ಹಾಕುವುದು, ಬೈಪಾಸು, ದೊಡ್ಡ ಆಪರೇಷನ್ನು. ರಕ್ತನಿಧಿ ಇರುವುದಿಲ್ಲ. ಡಯಾಲಿಸಿಸ್ ಮಾಡಿಸಿಕೊಳ್ಳುವವರು ಮೊದಲೇ ವಿಶೇಷ ಏರ್ಪಾಡು ಮಾಡಿಕೊಳ್ಳದೆ ಹತ್ತುವ ಹಾಗೇ ಇಲ್ಲ. ಗರ್ಭಿಣಿಯರಿಗೆ 24 ವಾರ ತುಂಬಿದ್ದರೆ ಬಹುತೇಕ ಕಂಪೆನಿಯವರು ಹತ್ತಿಸಿಕೊಳ್ಳುವುದಿಲ್ಲ. ಹಡಗಿನ ಪ್ರಯಾಣಿಕರ ಸಾವಿನಲ್ಲಿ ಮೊದಲ ಸ್ಥಾನ ಹೃದಯದ ಕಾಯಿಲೆಗೆ. ಹಾಗೆಂದೇ ದೊಡ್ಡ ಹಡಗುಗಳಲ್ಲಿ ಹೆಣ ಇಡಲು ಒಂದು ತಣ್ಣನೆಯ ಕೋಣೆಯೂ ಇರುತ್ತದೆ. ಟ್ರಾವೆಲ್ಸ್‌ನವರ ಬಣ್ಣದ ಪುಸ್ತಕದಲ್ಲಿ ಈ ಕೋಣೆಯ ಫೋಟೋ ಹಾಕುವುದಿಲ್ಲ, ಬಿಡಿ.

ಹಿರೇಹಳ್ಳಿಯಲ್ಲಿ ರಾತ್ರಿ ಎದೆನೋವು ಬಂತೆನ್ನಿ. 108ಕ್ಕೆ ಫೋನು ಮಾಡಬಹುದು. ಆಂಬುಲೆನ್ಸು ಬರುವುದು ತಡವೆನಿಸಿದರೆ ಪಕ್ಕದ ಮನೆಯವನ ಕಾರಿದೆ, ಅದೂ ಇಲ್ಲವೆಂದರೆ ಗೂಡ್ಸ್ ಆಟೋ ಇದೆ. ತುಮಕೂರು ಆಸ್ಪತ್ರೆ ಕೈಗೆಟಕುವಷ್ಟು ದೂರ. ಸಮುದ್ರದ ಮಧ್ಯೆ ಹೆಲಿಕಾಪ್ಟರ್ ಬರಬೇಕು. ಹೆಲಿಕಾಪ್ಟರ್ ದಡದಿಂದ ಇಂತಿಷ್ಟೇ ದೂರ ಹಾರಬಲ್ಲದು, ಗಾಳಿ ಮಳೆ ಇದ್ದರೆ ಅದೂ ಇಲ್ಲ. ನಮ್ಮ ಕರಾವಳಿಯಲ್ಲಿ ಪಣಂಬೂರಿನಲ್ಲಿ ನೆಲೆ ಇರುವ ಕೋಸ್ಟ್ ಗಾರ್ಡ್‌ನವರು ಮೀನುಗಾರರನ್ನೂ ಹಡಗಿನ ನಾವಿಕರನ್ನೂ ಹೀಗೆ ದಡಕ್ಕೆ ತಂದು ಉಳಿಸಿದ್ದುಂಟು. 1554 ಅವರ ತುರ್ತು ನಂಬರು. ಆದರೆ ಆ ನಂಬರು ನಮ್ಮ ಕಡಲಿಗೆ. ಮಲಕ್ಕಾ ಜಲಸಂಧಿಯಲ್ಲಿ ನಿಂತು ಅದಕ್ಕೆ ಫೋನು ಮಾಡಿ ಪ್ರಯೋಜನವಿಲ್ಲ.

ಫಾರಂನಲ್ಲಿ ಬರೆದ "ಇಲ್ಲ"

ಕಿರಾಣಿ ಅಂಗಡಿಯ ಮನೆಯಲ್ಲಿ ಜಗಳ ಎದ್ದದ್ದು ಹಡಗಿನಿಂದಲ್ಲ, ಒಂದು ಕಾಗದದಿಂದ.

ಮಗ ಕಳಿಸಿದ ಕಾಗದಗಳನ್ನೆಲ್ಲ ಯಜಮಾನರ ಶ್ರೀಮತಿಯವರು ಪಕ್ಕದ ಮನೆಯ ನರ್ಸಿಂಗ್ ಓದುವ ಹುಡುಗಿಯ ಕೈಗೆ ಕೊಟ್ಟು "ಏನು ಬರ್ದೌರೆ ನೋಡವ್ವಾ" ಎಂದರು. ಹುಡುಗಿ ಟಿಕೆಟ್ ಓದಿ ಹೇಳಿದಳು, ಊಟದ ಪಟ್ಟಿ ಓದಿ ಹೇಳಿದಳು. ಕೊನೆಗೆ ಪ್ರವಾಸದ ವಿಮೆಯ ಫಾರಂ ಬಂತು. ಮೊದಲಿನಿಂದ ಇರುವ ಕಾಯಿಲೆ ಏನಾದರೂ ಇದೆಯೇ ಎಂಬ ಪ್ರಶ್ನೆ. ಎದುರಿಗೆ "ಇಲ್ಲ" ಎಂದು ಗುರುತು.

"ಆಂಟಿ, ಅಂಕಲ್‌ಗೆ ಸ್ಟೆಂಟ್ ಹಾಕಿಲ್ವಾ?"

ಅಷ್ಟು ಸಾಕಾಯಿತು. ಆ ತಾಯಿ ಮಗನಿಗೆ ಫೋನು ಹಚ್ಚಿದರು. ಮಗ ಹೇಳಿದ್ದು ಬಹಳ ಜನ ಮಕ್ಕಳು ಹೇಳುವ ಮಾತೇ. "ಅಮ್ಮಾ, ಅದೆಲ್ಲಾ ಬರೆದ್ರೆ ಪ್ರೀಮಿಯಂ ಡಬಲ್ ಆಗುತ್ತೆ. ನಾಲ್ಕು ದಿನಕ್ಕೆ ಏನಾಗುತ್ತೆ ಬಿಡು." ತಾಯಿ ಬಿಡಲಿಲ್ಲ. "ಏನೂ ಆಗಲ್ಲ ಅನ್ನೋದಾದ್ರೆ ವಿಮೆ ಯಾಕೆ ಮಾಡ್ಸಿದ್ದೀಯ?" ಎಂದು ಕೇಳಿದರು. ವಿಮಾ ಕಂಪೆನಿಯ ಏಜೆಂಟರು ಕೂಡ ಇದಕ್ಕಿಂತ ನೇರವಾಗಿ ಕೇಳಲಾರರು.

ಇದರಲ್ಲಿ ಇರುವ ಅಪಾಯ ಅಷ್ಟಿಷ್ಟಲ್ಲ. ಹಡಗಿನ ಡಾಕ್ಟರು ಪುಕ್ಕಟೆ ನೋಡುವುದಿಲ್ಲ. ಕೋಣೆಯ ಖಾತೆಗೆ ಬಿಲ್ಲು ಬರೆಯುತ್ತಾರೆ, ಅದೂ ಬಹಳ ಕಡೆ ಡಾಲರಿನಲ್ಲಿ. ಇಳಿಯುವ ಮುನ್ನ ಕಟ್ಟಬೇಕು, ಆಮೇಲೆ ವಿಮೆಯವರ ಹತ್ತಿರ ಕೇಳಿ ಪಡೆಯಬೇಕು. ದೊಡ್ಡ ಕಾಯಿಲೆಯಾದರೆ ಮುಂದಿನ ಬಂದರಿನಲ್ಲಿ ಇಳಿಸಿ ಅಲ್ಲಿನ ಆಸ್ಪತ್ರೆಗೆ ಸೇರಿಸಿ ಹಡಗು ಮುಂದಕ್ಕೆ ಹೋಗಿಬಿಡುತ್ತದೆ. ಭಾಷೆ ಗೊತ್ತಿಲ್ಲದ ಊರು, ಕೈಯಲ್ಲಿ ಬೇರೆ ದೇಶದ ದುಡ್ಡಿಲ್ಲ, ಹೆಂಡತಿ ಒಬ್ಬರೇ. ಆಯುಷ್ಮಾನ್ ಕಾರ್ಡು, ಯಶಸ್ವಿನಿ ಕಾರ್ಡು ಅಲ್ಲಿ ತೋರಿಸಿದರೆ ಏನೆಂದು ಕೇಳುತ್ತಾರೆ. ನಮ್ಮ ಕೈಗಾರಿಕಾ ಪ್ರದೇಶದ ಕಾರ್ಮಿಕರ ಇಎಸ್‌ಐ ಕಾರ್ಡಿನದೂ ಇದೇ ಹಣೆಬರಹ. ಇಲ್ಲಿ ಬೇಕಾಗುವುದು ಪ್ರವಾಸದ ವಿಮೆ. ಅದರಲ್ಲೂ ಎರಡು ವಿಷಯ ಬರೆದಿದೆಯೇ ನೋಡಬೇಕು. ಒಂದು, ಹಡಗು ಪ್ರಯಾಣಕ್ಕೂ ವಿಮೆ ಅನ್ವಯಿಸುತ್ತದೆಯೇ ಎಂಬುದು. ಇನ್ನೊಂದು, ರೋಗಿಯನ್ನು ಹೆಲಿಕಾಪ್ಟರಿನಲ್ಲೋ ವಿಮಾನದಲ್ಲೋ ಸಾಗಿಸುವ ಖರ್ಚು, ಆಯುಸ್ಸು ತೀರಿದರೆ ದೇಹವನ್ನು ಊರಿಗೆ ತರುವ ಖರ್ಚು ಸೇರಿದೆಯೇ ಎಂಬುದು. ಅಪಶಕುನದ ಮಾತು ಎಂದು ಹಿರಿಯರು ಬೈಯಬಹುದು. ಬೈಸಿಕೊಂಡೇ ಕೇಳಬೇಕಾದ ಮಾತು.

ಇದ್ದ ಕಾಯಿಲೆ ಮುಚ್ಚಿಟ್ಟು ಫಾರಂ ತುಂಬಿದರೆ, ಆ ಕಾಯಿಲೆಯೇ ಎದ್ದಾಗ ವಿಮೆಯವರು ಕೈ ಎತ್ತಲು ಕಾರಣ ನಾವೇ ಬರೆದುಕೊಟ್ಟಂತೆ. ಅವರಿಗೆ ಹುಡುಕುವ ಶ್ರಮವೂ ಇಲ್ಲ. ಹಳೇ ಆಸ್ಪತ್ರೆಯ ಕಾಗದ ಮಾತನಾಡುತ್ತದೆ.

ಎಪ್ಪತ್ತೊಂದು ಬಸ್ಸಿನ ಜನ

"ಅಷ್ಟೊಂದು ಹೆದರ್ಸ್ಬೇಡ್ರಿ" ಎಂದು ಅಂಗಡಿ ಕಟ್ಟೆಯ ಮೇಲಿನ ಹಿರಿಯರೊಬ್ಬರು ಹೇಳಿದರಂತೆ. ಹೆದರಿಸುವುದಲ್ಲ, ಆದ ಕತೆ ಒಂದಿದೆ.

2020ರ ಜನವರಿ 20ರಂದು ಜಪಾನಿನ ಯೊಕೊಹಾಮಾದಿಂದ ಡೈಮಂಡ್ ಪ್ರಿನ್ಸೆಸ್ ಎಂಬ ಹಡಗು ಹೊರಟಿತು. ಪ್ರಯಾಣಿಕರು, ಸಿಬ್ಬಂದಿ ಸೇರಿ 3,711 ಜನ. ನಮ್ಮ 52 ಸೀಟಿನ ಬಸ್ಸಿನ ಲೆಕ್ಕದಲ್ಲಿ 71 ಬಸ್ ತುಂಬಿ ಮಿಕ್ಕುವ ಜನ, ಒಂದೇ ಕಬ್ಬಿಣದ ಮನೆಯೊಳಗೆ. ಹಾಂಗ್‌ಕಾಂಗ್‌ನಲ್ಲಿ ಇಳಿದುಹೋದ ಒಬ್ಬ ಪ್ರಯಾಣಿಕನಿಗೆ ಕೊರೋನಾ ಇತ್ತೆಂದು ಆಮೇಲೆ ಗೊತ್ತಾಯಿತು. ಹಡಗು ಯೊಕೊಹಾಮಾಕ್ಕೆ ವಾಪಸು ಬಂದಾಗ ಯಾರನ್ನೂ ಇಳಿಯಗೊಡಲಿಲ್ಲ. ಫೆಬ್ರವರಿ 5ರಿಂದ ಕೋಣೆಯೊಳಗೇ ದಿಗ್ಬಂಧನ. ಕಿಟಕಿಯಿಲ್ಲದ ಅಗ್ಗದ ಕೋಣೆಯವರ ಪಾಡು ಹೇಳತೀರದು. ಕೊನೆಗೆ 712 ಜನಕ್ಕೆ ರೋಗ ತಗುಲಿತು. ಆ ಹಡಗಿನಲ್ಲಿ 138 ಭಾರತೀಯರಿದ್ದರು. ಅದರಲ್ಲಿ 132 ಜನ ಸಿಬ್ಬಂದಿ. ನಮ್ಮ ಕಾರವಾರದ ಕಡೆಯವರೂ ಆ ಸಿಬ್ಬಂದಿಯಲ್ಲಿದ್ದರು. ಫೆಬ್ರವರಿ 27ರಂದು 119 ಭಾರತೀಯರನ್ನು ಏರ್ ಇಂಡಿಯಾ ವಿಮಾನ ದೆಹಲಿಗೆ ತಂದಿತು.

ಕೊರೋನಾದ ಕತೆ ಎಲ್ಲರಿಗೂ ಗೊತ್ತು. ಜನ ಮರೆತ ಒಂದು ಸಂಗತಿ ಇದರಲ್ಲಿದೆ. ದಿಗ್ಬಂಧನವಾಗಿ ಒಂದೆರಡು ದಿನಕ್ಕೇ ಆ ಹಡಗಿನಲ್ಲಿ ಕೂಗೆದ್ದದ್ದು ದಿನನಿತ್ಯದ ಮಾತ್ರೆಗಾಗಿ. ಬಿಪಿ ಮಾತ್ರೆ, ಸಕ್ಕರೆ ಮಾತ್ರೆ, ಇನ್ಸುಲಿನ್. ಪ್ರವಾಸ ಇಷ್ಟು ದಿನ ಎಂದು ಲೆಕ್ಕ ಹಾಕಿ ಅಷ್ಟೇ ಮಾತ್ರೆ ತಂದಿದ್ದ ಮುದುಕರ ಸ್ಟ್ರಿಪ್ಪು ಖಾಲಿ! ಒಬ್ಬ ಪ್ರಯಾಣಿಕ ಔಷಧಿ ಸಾಲದು ಎಂದು ಬಟ್ಟೆಯ ಮೇಲೆ ಬರೆದು ಹಡಗಿನ ಪಕ್ಕಕ್ಕೆ ತೂಗುಬಿಟ್ಟ. ದಡದಲ್ಲಿ ನಿಂತಿದ್ದ ಪತ್ರಿಕೆಯವರು ಫೋಟೋ ತೆಗೆದರು. ಜಪಾನಿನಂಥ ಜಪಾನಿನಲ್ಲಿ, ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ, ಈ ಸ್ಥಿತಿ.

ಅದೇ ವರ್ಷ ಮಾರ್ಚ್ ಮೊದಲ ವಾರದಲ್ಲಿ ನವಮಂಗಳೂರು ಬಂದರಿಗೆ ಬರಬೇಕಿದ್ದ ಎಂಎಸ್‌ಸಿ ಲಿರಿಕಾ ಎಂಬ ಪ್ರವಾಸಿ ಹಡಗಿಗೆ ಒಳಗೆ ಬರಲು ಅನುಮತಿ ಸಿಗಲಿಲ್ಲ. 2022ರ ಜನವರಿಯಲ್ಲಿ ಮುಂಬೈಯಿಂದ ಗೋವಾಕ್ಕೆ ಹೋದ ಕಾರ್ಡೀಲಿಯಾ ಹಡಗಿನಲ್ಲಿ ಸುಮಾರು ಎರಡು ಸಾವಿರ ಜನರಲ್ಲಿ 66 ಜನಕ್ಕೆ ಕೊರೋನಾ ಬಂದು, ಹಡಗು ಬಂದ ದಾರಿಗೆ ಸುಂಕವಿಲ್ಲವೆಂದು ಮುಂಬೈಗೆ ಮರಳಿತು. ಹಡಗಿನ ಪ್ರವಾಸ ನಾಲ್ಕು ದಿನವೆಂದರೆ ನಾಲ್ಕೇ ದಿನ ಎಂದು ಬರೆದುಕೊಟ್ಟವರು ಯಾರೂ ಇಲ್ಲ.

ಇದೇನು ಹೊಸ ವಿಷಯವೂ ಅಲ್ಲ. 1896ರಲ್ಲಿ ಮುಂಬೈಗೆ ಪ್ಲೇಗು ಬಂದದ್ದು ಹಾಂಗ್‌ಕಾಂಗ್ ಕಡೆಯ ಹಡಗುಗಳಿಂದ ಎನ್ನುತ್ತಾರೆ. ಅದೇ ಪ್ಲೇಗು 1898ರ ಆಗಸ್ಟಿನಲ್ಲಿ ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬೆಂಗಳೂರಿಗೆ ಇಳಿಯಿತು. ಅಂದರೆ ಅರಸೀಕೆರೆ, ತುಮಕೂರು ದಾಟಿ ಇದೇ ಹಿರೇಹಳ್ಳಿಯ ಹಳಿಯ ಮೇಲೆ ಹಾದುಹೋಯಿತು. ಸಮುದ್ರ ನೋಡದ ಊರಿಗೂ ಹಡಗಿನ ರೋಗ ಟಿಕೆಟ್ ಇಲ್ಲದೆ ಬಂದು ಹೋಗಿದೆ.

ಇನ್ನು ಹಡಗು ಪ್ರಯಾಣಕ್ಕೆ ಆರೋಗ್ಯದ ತಯಾರಿ ಮಾಡುವುದರಲ್ಲಿ ನಮ್ಮವರೇ ಹಳಬರು. 1995ರ ತನಕ ಮುಂಬೈಯಿಂದ ಜೆಡ್ಡಾಕ್ಕೆ ಹಜ್ ಯಾತ್ರಿಕರ ಹಡಗು ಹೋಗುತ್ತಿತ್ತು. ಲಸಿಕೆ ಹಾಕಿಸಿದ ಕಾಗದವಿಲ್ಲದೆ ಹತ್ತುವ ಹಾಗಿರಲಿಲ್ಲ. ಅದಕ್ಕೂ ಹಿಂದೆ, ಕೆಂಪು ಸಮುದ್ರದ ಕಮರಾನ್ ದ್ವೀಪದಲ್ಲಿ ಯಾತ್ರಿಕರನ್ನು ಇಳಿಸಿ, ರೋಗವಿಲ್ಲವೆಂದು ಖಾತ್ರಿಯಾದ ಮೇಲೆ ಮುಂದೆ ಬಿಡುತ್ತಿದ್ದ ಕಾಲವಿತ್ತು. ಈಗ ವಿಮಾನದಲ್ಲಿ ಹೋಗುವ ಹಜ್ ಯಾತ್ರಿಕರಿಗೂ ಮೆದುಳು ಜ್ವರದ ಲಸಿಕೆ ತಪ್ಪಿದ್ದಲ್ಲ. ಪುಣ್ಯಯಾತ್ರೆಗೆ ಹೊರಟವರು ಸಾಲಿನಲ್ಲಿ ನಿಂತು ಮಾಡಿಸಿಕೊಂಡದ್ದನ್ನು ಮೋಜಿನ ಯಾತ್ರೆಗೆ ಹೊರಟವರು ಮಾಡಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಾರೆ, ಅಷ್ಟೇ ವ್ಯತ್ಯಾಸ.

ಡಾಕ್ಟರ ಮುಂದೆ ಮೆಟ್ಟಿಲು ಪರೀಕ್ಷೆ

ತಾಯಿ ಹಠ ಹಿಡಿದರು. ಡಾಕ್ಟರು ಹೂಂ ಎನ್ನದೆ ಹಡಗು ಇಲ್ಲ. ಯಜಮಾನರು ಗೊಣಗಿಕೊಂಡೇ ತುಮಕೂರು ಬಸ್ ಹತ್ತಿದರು. ಸ್ಟೆಂಟ್ ಹಾಕಿದ ಮೇಲೆ ಮೊದಲ ವರ್ಷ ತಪ್ಪದೆ ತೋರಿಸಿಕೊಂಡವರು, ಎರಡನೇ ವರ್ಷ ಡಾಕ್ಟರ ಕಡೆ ತಲೆ ಹಾಕಿರಲಿಲ್ಲ. "ಚೆನ್ನಾಗೇ ಇದೀನಲ್ಲ" ಎಂಬುದು ಕಾರಣ.

ಡಾಕ್ಟರು ಕೇಳಿದ ಮೊದಲ ಪ್ರಶ್ನೆ ಹಡಗಿನದಲ್ಲ. "ಎರಡು ಮಹಡಿ ಮೆಟ್ಟಿಲು ನಿಲ್ಲದೆ ಹತ್ತುತ್ತೀರಾ?" ಯಜಮಾನರು ಹತ್ತುತ್ತೇನೆಂದರು. ಹತ್ತಿ ತೋರಿಸಿ ಎಂದರು. ಒಂದು ಮಹಡಿ ಮುಗಿಯುವ ಹೊತ್ತಿಗೆ ಯಜಮಾನರು ಕಂಬಿ ಹಿಡಿದು ನಿಂತಿದ್ದರು. ಇಸಿಜಿ, ರಕ್ತ, ಕಿಡ್ನಿಯ ಪರೀಕ್ಷೆ ಎಲ್ಲಾ ಆಯಿತು. ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಪರೀಕ್ಷೆಯಲ್ಲಿ 9.4 ಬಂತು. "ಹಡಗಿನಲ್ಲಿ ಊಟ ಎಷ್ಟು ಹೊತ್ತು ಇರುತ್ತೆ ಗೊತ್ತಾ ನಿಮಗೆ?" ಎಂದು ಡಾಕ್ಟರು ಕೇಳಿದರಂತೆ. ಬೆಳಿಗ್ಗೆಯಿಂದ ರಾತ್ರಿ ತನಕ ಎಂದು ಯಜಮಾನರೇ ಹೆಮ್ಮೆಯಿಂದ ಹೇಳಿದರು. ಡಾಕ್ಟರು ತಲೆ ಅಲ್ಲಾಡಿಸಿ, ಮೂರು ತಿಂಗಳು ಬಿಟ್ಟು ಬನ್ನಿ, ಆಮೇಲೆ ಹಡಗಿನ ಮಾತು ಎಂದರು.

ಮಗನಿಗೆ ಸಿಟ್ಟು. ತಾರೀಕು ಬದಲಾಯಿಸಿದರೆ ದುಡ್ಡು ಹಿಡಿಯುತ್ತಾರೆ. ತಂದೆಗೂ ಸಿಟ್ಟು. ಊರಿಗೆಲ್ಲಾ ಹೇಳಿ ಆಗಿದೆ. ಎರಡು ದಿನ ಮಾತಿಲ್ಲ. ಮೂರನೇ ದಿನ ಮಗನೇ ಊರಿಗೆ ಬಂದು, ಹೊಸ ಫಾರಂನಲ್ಲಿ ಸ್ಟೆಂಟು, ಸಕ್ಕರೆ ಎರಡನ್ನೂ ಬರೆದ. ಪ್ರೀಮಿಯಂ ಏರಿತು. ಹುಡುಗ ಹೇಳಿದಷ್ಟು ಡಬಲ್ ಆಗಲಿಲ್ಲವೆಂದು ತಾಯಿ ಈಗಲೂ ಎಲ್ಲರಿಗೂ ಹೇಳುತ್ತಾರೆ.

ಆ ಡಾಕ್ಟರು ಬರೆದುಕೊಟ್ಟ ತಯಾರಿ, ಹಡಗು ಹತ್ತುವ ಯಾರಿಗಾದರೂ ಬೇಕಾದದ್ದೇ. ಮುಖ್ಯವಾದದ್ದು ಮಾತ್ರೆಯ ವಿಷಯ. ನಮ್ಮ ಕಡೆ ಮೆಡಿಕಲ್ ಸ್ಟೋರಿನಲ್ಲಿ ನಾಲ್ಕು ಮಾತ್ರೆ ಕೇಳಿದರೆ ಕತ್ತರಿ ಹಾಕಿ ನಾಲ್ಕೇ ಕೊಡುತ್ತಾರೆ. ಹೆಸರು ಒಂದು ತುಂಡಿನಲ್ಲಿ, ಅವಧಿ ಮುಗಿಯುವ ತಾರೀಕು ಇನ್ನೊಬ್ಬರ ಮನೆಯಲ್ಲಿ. ಮನೆಗೆ ತಂದು ಎಲ್ಲವನ್ನೂ ಬಿಡಿಸಿ ಒಂದೇ ಡಬ್ಬಿಗೆ ಸುರಿಯುವುದು ಬೇರೆ. ಬಿಳಿಯದು ಬಿಪಿಗೆ, ಗುಲಾಬಿಯದು ಸಕ್ಕರೆಗೆ ಎಂಬ ಲೆಕ್ಕ ಹಿರೇಹಳ್ಳಿಯಲ್ಲಿ ನಡೆಯುತ್ತದೆ. ಬೇರೆ ದೇಶದ ಕಸ್ಟಮ್ಸ್‌ನವನ ಮುಂದೆ ನಡೆಯುವುದಿಲ್ಲ. ಪೂರ್ತಿ ಸ್ಟ್ರಿಪ್ಪು, ಜೊತೆಗೆ ಡಾಕ್ಟರ ಚೀಟಿ ಬೇಕು. ಚೀಟಿಯಲ್ಲಿ ಕಂಪೆನಿ ಇಟ್ಟ ಹೆಸರಿನ ಪಕ್ಕದಲ್ಲಿ ಔಷಧಿಯ ಮೂಲ ಹೆಸರೂ ಇರಬೇಕು. ನಮ್ಮ ಡೋಲೋ ಎಂಬ ಹೆಸರು ಫಿಲಿಪೈನ್ಸಿನ ನರ್ಸಿಗೆ ಏನು ಗೊತ್ತು? ಪ್ಯಾರಾಸಿಟಮಾಲ್ ಅಂದರೆ ಗೊತ್ತಾಗುತ್ತದೆ. ಅಮೆರಿಕದ ಡಾಕ್ಟರಾದರೆ ಅದನ್ನೇ ಅಸಿಟಮಿನೋಫೆನ್ ಎನ್ನುತ್ತಾರೆ! ಜ್ವರದ ಮಾತ್ರೆಗೇ ಇಷ್ಟು ಹೆಸರಾದರೆ ಹೃದಯದ ಮಾತ್ರೆಯ ಗತಿ ಏನು?

ಇನ್ನೊಂದು ಎಚ್ಚರಿಕೆ. ನಮ್ಮಲ್ಲಿ ಸಾಮಾನ್ಯವಾಗಿ ಬರೆದುಕೊಡುವ ಕೊಡೀನ್ ಬೆರೆತ ಕೆಮ್ಮಿನ ಸಿರಪ್ಪು, ಟ್ರಮಡಾಲ್ ಎಂಬ ನೋವಿನ ಮಾತ್ರೆ ದುಬೈ, ಸಿಂಗಪುರಗಳಲ್ಲಿ ಕಟ್ಟುನಿಟ್ಟಿನ ಔಷಧಿಗಳು. ಅನುಮತಿ, ಚೀಟಿ ಇಲ್ಲದೆ ಒಯ್ದರೆ ಪೊಲೀಸರ ತನಕ ಹೋಗಬಹುದು. ಕೆಮ್ಮಿಗೆ ತಗೊಂಡು ಹೋಗಿ ಕಂಬಿ ಎಣಿಸುವುದು ಯಾರಿಗೆ ಬೇಕು?

ಮಾತ್ರೆ ಚೀಲವನ್ನು ಸೂಟ್‌ಕೇಸಿನಲ್ಲಿ ಇಡಬಾರದು. ಬಂದರಿನಲ್ಲಿ ಸೂಟ್‌ಕೇಸನ್ನು ಅವರೇ ಇಸಿದುಕೊಳ್ಳುತ್ತಾರೆ, ಅದು ಕೋಣೆಗೆ ಬರುವ ಹೊತ್ತಿಗೆ ಸಂಜೆಯಾಗಬಹುದು. ಮಧ್ಯಾಹ್ನದ ಮಾತ್ರೆ ಅದರೊಳಗೆ ಸಿಕ್ಕಿಕೊಂಡಿರುತ್ತದೆ. ಕೈಚೀಲದಲ್ಲೇ ಇರಲಿ, ಪ್ರವಾಸದ ದಿನಕ್ಕಿಂತ ಒಂದೆರಡು ವಾರ ಹೆಚ್ಚಿಗೇ ಇರಲಿ. ಇನ್ಸುಲಿನ್ ತಣ್ಣಗಿರಬೇಕು, ಆದರೆ ಹೆಪ್ಪುಗಟ್ಟಬಾರದು. ಕೋಣೆಯ ಪುಟ್ಟ ಫ್ರಿಜ್ಜನ್ನು ನಂಬುವ ಬದಲು ಹಡಗಿನ ಕ್ಲಿನಿಕ್ಕಿನವರನ್ನು ಕೇಳುವುದು ಲೇಸು. ಸಿಂಗಪುರದ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ಇನ್ಸುಲಿನ್ ಹೊತ್ತು ಹೇಗೆ ಬದಲಾಯಿಸಬೇಕೆಂದು ಡಾಕ್ಟರ ಹತ್ತಿರವೇ ಬರೆಸಿಕೊಳ್ಳಬೇಕು. ಹಳೇ ಇಸಿಜಿಯ ಒಂದು ನಕಲು ಜೊತೆಗಿದ್ದರೆ ಹಡಗಿನ ಡಾಕ್ಟರಿಗೆ ಹೊಸದು ಯಾವುದು, ಹಳೇದು ಯಾವುದು ಎಂದು ತಿಳಿಯುತ್ತದೆ. ಒಂದು ಹಾಳೆ ಕಾಗದ, ತೂಕವಿಲ್ಲ.

ಲಸಿಕೆಗೆ ಬಂದರೆ, ವಯಸ್ಸಾದವರು ಫ್ಲೂ ಲಸಿಕೆಯನ್ನು ಹೊರಡುವ ಎರಡು ವಾರ ಮುಂಚೆಯಾದರೂ ಹಾಕಿಸಿಕೊಂಡರೆ ಒಳ್ಳೆಯದು. ಆಫ್ರಿಕಾ, ದಕ್ಷಿಣ ಅಮೆರಿಕದ ಕಡೆಯ ಹಡಗಾದರೆ ಹಳದಿ ಜ್ವರದ ಲಸಿಕೆಯ ಪ್ರಶ್ನೆ ಬರುತ್ತದೆ. ಅದು ಎಲ್ಲಾ ಕಡೆ ಸಿಗುವುದಿಲ್ಲ, ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲಿ ಮಾತ್ರ. ಹಾಕಿಸಿಕೊಂಡ 10 ದಿನದ ಮೇಲೆ ಹಳದಿ ಪುಸ್ತಕಕ್ಕೆ ಬೆಲೆ. 2016ರಿಂದ ಒಮ್ಮೆ ಹಾಕಿಸಿದರೆ ಆಯುಷ್ಯಪೂರ್ತಿ ಸಾಕು. ಅಂಥ ದೇಶದಿಂದ ಪುಸ್ತಕವಿಲ್ಲದೆ ವಾಪಸು ಬಂದರೆ ನಮ್ಮವರೇ 6 ದಿನದ ತನಕ ಕೂಡಿಹಾಕಬಹುದು. ಆದರೆ 60 ದಾಟಿದವರು ಡಾಕ್ಟರನ್ನು ಕೇಳದೆ ಆ ಲಸಿಕೆಗೆ ತೋಳು ಕೊಡಬಾರದು.

ನಿಂಬೆಹಣ್ಣು, ಸೋಪು

ವಾಂತಿಯ ವಿಷಯ ಹೇಳದಿದ್ದರೆ ಹಡಗಿನ ಮಾತು ಮುಗಿಯುವುದಿಲ್ಲ. ಶಿರಾಡಿ ಘಾಟಿಯಲ್ಲಿ ನಿಂಬೆಹಣ್ಣು ಮೂಸುತ್ತಾ, ಕಿಟಕಿಯಾಚೆ ತಲೆ ಹಾಕಿ ಧರ್ಮಸ್ಥಳ ತಲುಪಿದವರಿಗೆ ಇದು ಗೊತ್ತಿರುವ ಕಷ್ಟವೇ. ಕಿವಿ ಒಂದು ಹೇಳುತ್ತದೆ, ಕಣ್ಣು ಒಂದು ಹೇಳುತ್ತದೆ, ಹೊಟ್ಟೆ ಮಧ್ಯೆ ಸಿಕ್ಕಿ ಒದ್ದಾಡುತ್ತದೆ. ದೊಡ್ಡ ಹಡಗು ಬಸ್ಸಿನಷ್ಟು ಕುಲುಕುವುದಿಲ್ಲ. ಆದರೂ ಹಡಗಿನ ಮಧ್ಯಭಾಗದ, ಕೆಳಗಿನ ಅಂತಸ್ತಿನ ಕೋಣೆ ಕೇಳಿ ತೆಗೆದುಕೊಂಡರೆ ಆಟ ಕಡಿಮೆ. ತಲೆ ಸುತ್ತಿದರೆ ಮೇಲೆ ಬಂದು ದೂರದಲ್ಲಿ ಬಾನು ನೀರು ಕೂಡುವ ಗೆರೆ ನೋಡುತ್ತಾ ನಿಲ್ಲಬೇಕು. ಶುಂಠಿ ಕೆಲವರಿಗೆ ಹಿಡಿಸುತ್ತದೆ. ಅವೊಮಿನ್‌ನಂಥ ಮಾತ್ರೆ ತಗೊಳ್ಳುವುದಾದರೆ ವಾಂತಿ ಶುರುವಾಗುವ ಮುಂಚೆ. ಆದರೆ ಅದು ನಿದ್ದೆ ತರುತ್ತದೆ. ಕಣ್ಣಿನ ಒತ್ತಡದ ಕಾಯಿಲೆ, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ತಾವೇ ಕೊಂಡು ನುಂಗಬಾರದು.

ನಿಂಬೆಹಣ್ಣಿಗೂ ಹಡಗಿಗೂ ಹಳೇ ನಂಟು. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ಹಡಗಿನ ವೈದ್ಯ, ವಸಡಿನಲ್ಲಿ ರಕ್ತ ಸುರಿಯುವ ಸ್ಕರ್ವಿ ಕಾಯಿಲೆಯ 12 ನಾವಿಕರಿಗೆ ಬೇರೆ ಬೇರೆ ಪಥ್ಯ ಕೊಟ್ಟು ನೋಡಿದ. ನಿಂಬೆ, ಕಿತ್ತಳೆ ತಿಂದ ಇಬ್ಬರು ಬೇಗ ಎದ್ದು ಕೂತರು. ಈಗಿನ ಹಡಗಿನಲ್ಲಿ ಸ್ಕರ್ವಿ ಇಲ್ಲ. ಹಣ್ಣು ರಾಶಿ ಬಿದ್ದಿರುತ್ತದೆ. ಕಷ್ಟ ಇರುವುದು ಆ ರಾಶಿಯ ಪಕ್ಕದ ಸೌಟಿನಲ್ಲಿ.

ನೋರೋವೈರಸ್ ಎಂಬ ವಾಂತಿಭೇದಿಯ ರೋಗಾಣು ಹಡಗುಗಳ ಹಳೇ ಶತ್ರು. ಒಬ್ಬ ಕೈ ತೊಳೆಯದೆ ಸೌಟು ಹಿಡಿದರೆ ಸಾಕು, ಮರುದಿನವೋ ಅದರ ಮರುದಿನವೋ ನೂರು ಜನ ಹೊಟ್ಟೆ ಹಿಡಿದುಕೊಳ್ಳುತ್ತಾರೆ. ಬಾಗಿಲಲ್ಲಿ ಕೈಗೆ ಹಚ್ಚುವ ಸ್ಯಾನಿಟೈಸರಿಗೆ ಇದು ಸರಿಯಾಗಿ ಬಗ್ಗುವುದಿಲ್ಲ. ಸೋಪು, ನೀರು, ಇಪ್ಪತ್ತು ಸೆಕೆಂಡು ಉಜ್ಜುವುದು, ಇದೇ ಮದ್ದು. ಇದನ್ನು ಕೇಳಿದ ಯಜಮಾನರ ಶ್ರೀಮತಿಯವರು "ಇದನ್ನ ನಾನು ನಲವತ್ತು ವರ್ಷದಿಂದ ಹೇಳ್ತಿದ್ದೀನಿ, ದುಡ್ಡು ಮುಟ್ಟಿದ ಕೈಯಲ್ಲೇ ಊಟಕ್ಕೆ ಕೂರ್ತಾರೆ" ಎಂದರು. ಯಜಮಾನರು ಉತ್ತರ ಕೊಡಲಿಲ್ಲ.

ಸದ್ಯಕ್ಕೆ ಆ ಮನೆಯಲ್ಲಿ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಒಂದು ಕೈಚೀಲ ತೂಗುತ್ತಿದೆ. ಒಳಗೆ ಕತ್ತರಿಸದ ಸ್ಟ್ರಿಪ್ಪುಗಳು, ಪ್ಲಾಸ್ಟಿಕ್ ಕವರಿನಲ್ಲಿ ಡಾಕ್ಟರ ಚೀಟಿ, ಇಸಿಜಿಯ ನಕಲು, ವಿಮೆಯ ಹೊಸ ಕಾಗದ. ಯಜಮಾನರು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮುಂಚೆ ರೈಲ್ವೆ ಸ್ಟೇಷನ್ ತನಕ ನಡೆದು ವಾಪಸು ಬರುತ್ತಾರೆ. ಮೊದಲ ವಾರ ಎರಡು ಕಡೆ ಕೂತು ಎದ್ದವರು ಈಗ ಎಲ್ಲೂ ಕೂರುವುದಿಲ್ಲವಂತೆ.

ಮೊನ್ನೆ ಸಂಜೆ ಪಾಳಿ ಬಿಟ್ಟು ಬಸ್ಸಿಗೆ ಕಾಯುತ್ತಿದ್ದ ಒಬ್ಬ ಗಿರಾಕಿ ಅಂಗಡಿಗೆ ಬಂದು, "ಏನಣ್ಣ, ಹಡಗು ಯಾವಾಗ?" ಎಂದು ಕೆಣಕಿದ.

"ಸಕ್ಕರೆ ಇಳಿದ ಮೇಲೆ ಕಣಪ್ಪ" ಎಂದರು ಯಜಮಾನರು. ಅವನು ಕೇಳಿದ ಅರ್ಧ ಕೆ.ಜಿ. ಸಕ್ಕರೆ ತೂಗಿ, ಪೊಟ್ಟಣ ಕಟ್ಟಿಕೊಟ್ಟರು.